ವಯೋಲ ಕಲಿಕೆಯಲ್ಲಿ ಜೋಡಿ ವಾದನ: ಕುರುಬರಹಳ್ಳಿ ವಿಚಾರ ಸಂಕಿರಣದ ಆಶಯ ಭಾಷಣ

ವಯೋಲ ಪಿಟೀಲಿಗಿಂತ ಒಂದು ಪಂಚಮ ತಗ್ಗಿನ ವಾದ್ಯ. ತಂತಿಗಳು ಸಿ, ಜಿ, ಡಿ, ಎ. ಮೈ ದೊಡ್ಡದು, ಕಮಾನು ಭಾರ, ಸ್ವರಲಿಪಿ ಓದುವ ಕ್ಲೆಫ್ ಕೂಡ ಬೇರೆ. ಕಲಿಯುವವರಲ್ಲಿ ಬಹುಪಾಲು ಮಂದಿ ಪಿಟೀಲಿನಿಂದ ಬಂದವರು. ನಾಲ್ಕೈದನೇ ಗ್ರೇಡಿನ ಹೊತ್ತಿಗೆ ಅವರ ಕೈ ಹೊಸ ವಾದ್ಯಕ್ಕೆ ಒಗ್ಗಿರುತ್ತದೆ, ಕಿವಿ ಮಾತ್ರ ಇನ್ನೂ ಮೇಲಿನ ರಾಗದ ಸಾಲನ್ನೇ ಹುಡುಕುತ್ತಿರುತ್ತದೆ.

ಜೋಡಿ ವಾದನವನ್ನು ಪರಿಣತಿ ಬಂದ ಮೇಲಿನ ಬಹುಮಾನವೆಂದು ಎಣಿಸಿದ್ದು ಈ ಕ್ಷೇತ್ರ ಮಾಡಿದ ದೊಡ್ಡ ತಪ್ಪು. ಸ್ಕೇಲು, ಅಭ್ಯಾಸ ಪಾಠ, ಪರೀಕ್ಷೆಯ ಕೃತಿಗಳು, ಜೊತೆಗೆ ಪಿಯಾನೊ: ಇಷ್ಟರಲ್ಲೇ ವರ್ಷ ಕಳೆಯುತ್ತದೆ. ಪಿಯಾನೊದ ಶ್ರುತಿ ಯಾರಿಗೂ ಬಗ್ಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ತಂತಿವಾದ್ಯ ಇದ್ದಾಗಲೇ ಕಮಾನಿನ ವೇಗ ಹೊಂದಿಸುವುದು, ತಡವಾಗಿ ನುಡಿಯುವ ದಪ್ಪ ಸಿ ತಂತಿಯನ್ನು ಒಂದು ಕ್ಷಣ ಮುಂಚೆ ಎಬ್ಬಿಸುವುದು, ಒಳದನಿಯಾಗಿ ಲಯ ಹೊರುವುದು ಅಗತ್ಯವಾಗುತ್ತದೆ. ಸಭೆಯಲ್ಲಿರುವ ಹಿರಿಯ ಗುರುಗಳು ಇದನ್ನು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಅವರಿಗೆ ವಂದನೆ ಸಲ್ಲಬೇಕು.

ನುಡಿಸಲು ಕೃತಿಗಳ ಕೊರತೆಯಿಲ್ಲ. ಪಿಟೀಲು–ವಯೋಲಕ್ಕಾಗಿ ಮೊಜಾರ್ಟ್ 1783ರಲ್ಲಿ ಎರಡು ಜೋಡಿ ಕೃತಿಗಳನ್ನು ಬರೆದ. ಕಾಯಿಲೆ ಬಿದ್ದ ಮೈಕೇಲ್ ಹೈಡನ್ ಆರರಲ್ಲಿ ನಾಲ್ಕನ್ನಷ್ಟೇ ಮುಗಿಸಿದ್ದಾಗ ಉಳಿದೆರಡನ್ನು ಗೆಳೆಯನಿಗಾಗಿ ಬರೆದುಕೊಟ್ಟನೆಂಬ ಕಥೆ ಇದೆ. ಬಾರ್ಟೋಕನ 44 ಪಿಟೀಲು ಜೋಡಿಗಳು ಹುಟ್ಟಿದ್ದೇ ಕಲಿಸುವುದಕ್ಕಾಗಿ. ಎರಡು ವಯೋಲಗಳಿಗೂ ಅವು ಒಗ್ಗುತ್ತವೆ.

ಕರ್ನಾಟಕಕ್ಕೆ ಜೋಡಿ ಹೊಸದಲ್ಲ. ಮೈಸೂರು ನಾಗರಾಜ್–ಮಂಜುನಾಥ್ ಸಹೋದರರ ದ್ವಂದ್ವ ಪಿಟೀಲು ಎಲ್ಲರಿಗೂ ಪರಿಚಿತ. ಬಾಲಮುರಳೀಕೃಷ್ಣ ಅವರು ವಯೋಲದಲ್ಲೇ ಕರ್ನಾಟಕ ಸಂಗೀತ ನುಡಿಸಿದವರು. ಮೂರು ತಂತಿ ಹೆಚ್ಚಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡ ಚೌಡಯ್ಯನವರ ನೆನಪಿನ ಪಿಟೀಲಾಕಾರದ ಸಭಾಂಗಣ ಕುರುಬರಹಳ್ಳಿಗೆ ದೂರವೇನಲ್ಲ. ಈ ಪರಂಪರೆಯ ಜೋಡಿಯಲ್ಲಿ ಇಬ್ಬರಿಗೂ ಒಂದೇ ತಂಬೂರಿ, ಒಂದೇ ಷಡ್ಜ. ಅಲ್ಲಿ ಹೊಂದಿಸಬೇಕಾದದ್ದು ಗಮಕದ ತೂಗಾಟ.

ಪಾಶ್ಚಾತ್ಯ ಜೋಡಿಯಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ಅಲ್ಲಿಂದಲೇ ಇನ್ನೂ ಬಗೆಹರಿಯದ ಪ್ರಶ್ನೆ ಏಳುತ್ತದೆ. ಪಿಟೀಲು, ವಯೋಲ ಎರಡನ್ನೂ ಒಂದೇ ಎ ಸ್ವರದಿಂದ ಶುದ್ಧ ಪಂಚಮಗಳಲ್ಲಿ ಶ್ರುತಿ ಮಾಡಿ, ವಯೋಲದ ಖಾಲಿ ಸಿ ತಂತಿಯನ್ನೂ ಪಿಟೀಲಿನ ಖಾಲಿ ಇ ತಂತಿಯನ್ನೂ ಒಟ್ಟಿಗೆ ಎಳೆದರೆ ಗಾಂಧಾರ ಒರಟಾಗಿ ಕೇಳುತ್ತದೆ. ಯಾರೂ ತಪ್ಪು ಮಾಡಿಲ್ಲ. ನಾಲ್ಕು ಪಂಚಮಗಳ ಲೆಕ್ಕ ಶುದ್ಧ ಗಾಂಧಾರವನ್ನು 81/80ರಷ್ಟು, ಅಂದರೆ ಸೆಮಿಟೋನಿನ ಸುಮಾರು ಐದನೇ ಒಂದು ಪಾಲು, ಮೀರುತ್ತದೆ. ನಮ್ಮ ಶಾಸ್ತ್ರಜ್ಞರು ಪ್ರಮಾಣ ಶ್ರುತಿ ಎಂದು ಗುರುತಿಸುವ ಅಂತರವೂ ಇದೇ. ಅದನ್ನು ತೋರಿಸಲು ಭರತ ಆರಿಸಿದ್ದು ಒಂದು ವೀಣೆಯನ್ನಲ್ಲ, ಸಮಶ್ರುತಿಯ ಎರಡನ್ನು. ಶಾರ್ಙ್ಗದೇವ 13ನೇ ಶತಮಾನದಲ್ಲಿ ಅವನ್ನು ಧ್ರುವವೀಣೆ, ಚಲವೀಣೆ ಎಂದು ಕರೆದ.

ಹಾಗಾದರೆ ಜೋಡಿಯಲ್ಲಿ ಧ್ರುವ ಯಾರು, ಚಲ ಯಾರು? ಕೆಳದನಿಯೇ ಆಧಾರ ಎಂದರೆ ಪಿಟೀಲು ಇ ಸ್ವರವನ್ನು ಬೆರಳಲ್ಲಿ ಹಿಡಿದು ತಗ್ಗಿಸಬೇಕು. ಸಿ ತಂತಿಯನ್ನೇ ತುಸು ಏರಿಸಿದರೆ ಪಕ್ಕದ ಜಿ ಜೊತೆಗಿನ ಪಂಚಮ ಕೆಡುತ್ತದೆ. ಅನುಭವಿಗಳೂ ಇಲ್ಲಿ ಒಮ್ಮತಕ್ಕೆ ಬಂದಿಲ್ಲ.

ವಿದ್ಯಾರ್ಥಿ ಮಾತ್ರ ಒಮ್ಮತಕ್ಕಾಗಿ ಕಾಯಬೇಕಿಲ್ಲ. ವಯೋಲದ ಜಿ ತಂತಿಯ ಮೇಲೆ ಮೂರನೇ ಬೆರಳಿನಿಂದ ಸಿ ಹಿಡಿದು, ಗುರು ಪಿಟೀಲಿನಲ್ಲಿ ಖಾಲಿ ಇ ಎಳೆಯುವಾಗ ಒರಟುತನ ಹೋಗುವವರೆಗೆ ಬೆರಳನ್ನು ಮೆಲ್ಲಗೆ ಏರಿಸಬೇಕು. ಆಮೇಲೆ ಗುರು ಖಾಲಿ ಜಿ ಎಳೆದರೆ ಅದೇ ಬೆರಳು ಕೂದಲೆಳೆಯಷ್ಟು ಹಿಂದೆ ಸರಿಯಬೇಕಾಗುತ್ತದೆ. ಮೊಬೈಲಿನ ಟ್ಯೂನರ್ ಈ ಎರಡು ಜಾಗಗಳಲ್ಲಿ ಯಾವುದನ್ನೂ ಸರಿ ಎಂದು ತೋರಿಸುವುದಿಲ್ಲ.