ಮನೆಯೊಳಗಿನ ಮಲ್ಲಿಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಮೇಷ್ಟ್ರು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಗಜಲಿನ ಪಾಠ ನಡೆದಿತ್ತು. ಪ್ರೇಯಸಿ ಮಹಡಿಯ ಮೇಲೆ, ಪರದೆಯ ಹಿಂದೆ, ಇಲ್ಲವೇ ಪ್ರತಿಸ್ಪರ್ಧಿಯ ಮಹಫಿಲಿನಲ್ಲಿ ಇರುತ್ತಾಳೆ ಎಂದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಮದುವೆ ಆದಮೇಲೆ ಕವಿಗಳು ಬರೆಯೋದೇ ಇಲ್ವಾ?" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತು ತಮ್ಮ ಮುಂದೆ ಅದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಬರೆಯುತ್ತಾರೆ. ಕನ್ನಡದಲ್ಲಿ ಬರೆದವರ ಹೆಸರು ಕೆ. ಎಸ್. ನರಸಿಂಹಸ್ವಾಮಿ. 1915ರಲ್ಲಿ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದರು. ಓದು ಅರ್ಧಕ್ಕೆ ನಿಂತು ಸರ್ಕಾರಿ ಗುಮಾಸ್ತರಾದರು. 1936ರಲ್ಲಿ ತಿಪಟೂರಿನ ವೆಂಕಮ್ಮನವರನ್ನು ಮದುವೆಯಾದರು. 1942ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, 'ಮೈಸೂರು ಮಲ್ಲಿಗೆ' ಎಂಬ ಕವನ ಸಂಕಲನ ಹೊರತಂದರು. ಹೊರಗೆ ಮಹಾಯುದ್ಧ, ಒಳಗೆ ಸ್ವಾತಂತ್ರ್ಯ ಹೋರಾಟ. ಅಂಥ ಹೊತ್ತಿನಲ್ಲಿ ಈ ತರುಣ ತನ್ನ ಮನೆ, ಹೆಂಡತಿ, ಮಾವನ ಊರು, ಬಳೆಗಾರ ಎಂದು ಬರೆದರು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. 1992ರಲ್ಲಿ ಟಿ. ಎಸ್. ನಾಗಾಭರಣರ ಚಿತ್ರವಾಯಿತು. ಸಿ. ಅಶ್ವಥ್ ಸಂಗೀತದ ಆ ಹಾಡುಗಳು ನಮ್ಮ ಯಲಹಂಕದ ಮದುವೆ ಛತ್ರಗಳಲ್ಲೂ ಕೇಳಿಸಿದವು. ಕವಿ 2003ರಲ್ಲಿ ತೀರಿಕೊಂಡರು. ಹಾಡುಗಳು ನಿಂತಿಲ್ಲ.

ಹೆಂಡತಿಯನ್ನು ಹೊಗಳಿದ ಮಾತ್ರಕ್ಕೆ ಈ ಕವಿತೆಗಳು ದೊಡ್ಡವಾದವೇ? ಇಲ್ಲ. ಕಣ್ಣು ಮೀನು, ಮುಖ ಚಂದ್ರ ಎನ್ನುವುದನ್ನು ಯಾರು ಬೇಕಾದರೂ ಹೇಳಬಹುದು. ಈ ಕವಿತೆಗಳಲ್ಲಿ ಹೆಂಡತಿ ಮಾತನಾಡುತ್ತಾಳೆ. ಒಂದು ಕವಿತೆಯಲ್ಲಿ ಗಂಡ, ತನ್ನ ಊರು ಮತ್ತು ಅವಳ ತವರು ಇವೆರಡರಲ್ಲಿ ಯಾವುದು ಮೇಲು ಎಂದು ಕೆಣಕುತ್ತಾನೆ. ಅವಳು ಮೊದಲು ಅವನ ಬಾಯಿ ಮುಚ್ಚಿಸಿ, ಆಮೇಲೆ ತವರಿನ ಪರವಾಗಿ ವಾದಿಸುತ್ತಾಳೆ. ಇನ್ನೊಂದರಲ್ಲಿ, ಎಷ್ಟೋ ವರ್ಷದ ಹಿಂದೆ ಜಾತ್ರೆಯಲ್ಲಿ ತನ್ನ ಸುತ್ತ ಸುಳಿದದ್ದನ್ನು ನೆನಪಿಸಿ ಗಂಡನನ್ನು ಛೇಡಿಸುತ್ತಾಳೆ. ಮತ್ತೊಂದರಲ್ಲಿ ಅಳಿಯ ಮಾವನ ಮನೆಗೆ ಬರುತ್ತಾನೆ. ಎಲ್ಲರೂ ಉಪಚರಿಸುತ್ತಾರೆ, ಆದರೆ ಹೆಂಡತಿ ಎದುರಿಗೆ ಬರಲಾಗದ ದಿನ ಅದು. ಕಾರಣವನ್ನು ಕವಿ ಬಿಡಿಸಿ ಹೇಳುವುದಿಲ್ಲ, ಅವಳ ಮರ್ಯಾದೆ ಕಾಯುತ್ತಾರೆ.

ಹೆಸರಿನ ವಿಷಯವನ್ನೂ ಗಮನಿಸಿ. ಕನ್ನಡದ ಹಳೆಯ ಮನೆಗಳಲ್ಲಿ ಹೆಂಡತಿಯನ್ನು 'ಏ ಇವಳೇ' ಎಂದು ಕರೆಯುತ್ತಿದ್ದರು. ನಮ್ಮ ದಖ್ಖನಿ ಮಾತಿನ ಮನೆಗಳಲ್ಲಿ ಇಂದಿಗೂ 'ಸುನೋ' ಎನ್ನುತ್ತೇವೆ, ಇಲ್ಲವೇ ಮಗನ ಹೆಸರು ಹಿಡಿದು 'ಅವನ ಅಮ್ಮಿ' ಎನ್ನುತ್ತೇವೆ. ನರಸಿಂಹಸ್ವಾಮಿಯವರ ಕವಿತೆಗಳಲ್ಲಿ ಅವಳಿಗೊಂದು ಹೆಸರಿದೆ.

ಹುಡುಗಿಯರು ಒಂದು ಆಕ್ಷೇಪ ಎತ್ತಬಹುದು: ಕವಿತೆ ಬರೆದವರು ಗಂಡ, ಒಲೆ ಊದಿದವರು ಯಾರು? ನ್ಯಾಯವಾದ ಮಾತು. ಇದಕ್ಕೆ ಉರ್ದುವಿನಲ್ಲಿ ಒಂದು ಉದಾಹರಣೆ ಇದೆ. ನರಸಿಂಹಸ್ವಾಮಿಯವರಿಗಿಂತ ಒಂದೇ ವರ್ಷ ಹಿರಿಯರಾದ ಜಾನ್ ನಿಸಾರ್ ಅಖ್ತರ್ 'ಘರ್ ಆಂಗನ್' ಸಂಕಲನದಲ್ಲಿ ದಾಂಪತ್ಯದ ಮೇಲೆ ಸೊಗಸಾದ ರುಬಾಯಿಗಳನ್ನು ಬರೆದರು. ಅವರ ಪತ್ನಿ ಸಫಿಯಾ ಭೋಪಾಲದ ಹಮೀದಿಯಾ ಕಾಲೇಜಿನಲ್ಲಿ ಪಾಠ ಹೇಳುತ್ತ ಇಬ್ಬರು ಮಕ್ಕಳನ್ನು ಸಾಕಿದರು. ಆ ಮಕ್ಕಳಲ್ಲಿ ಒಬ್ಬರು ಚಿತ್ರಸಾಹಿತಿ ಜಾವೇದ್ ಅಖ್ತರ್. ಪತಿ ಸಿನಿಮಾದಲ್ಲಿ ಕೆಲಸ ಹುಡುಕುತ್ತ ಮುಂಬಯಿಯಲ್ಲಿದ್ದರು. ಸಫಿಯಾ 1953ರಲ್ಲಿ ತೀರಿಕೊಂಡರು. ಪತಿಗೆ ಅವರು ಬರೆದ ಪತ್ರಗಳು ಪುಸ್ತಕವಾಗಿವೆ. ಸಂಸಾರದ ಭಾರ ಯಾರ ಹೆಗಲ ಮೇಲಿತ್ತು ಎಂಬುದು ಅವುಗಳಿಂದ ತಿಳಿಯುತ್ತದೆ. ರುಬಾಯಿಯನ್ನೂ ಓದಿ, ಪತ್ರವನ್ನೂ ಓದಿ. ಒಂದನ್ನು ಬಿಟ್ಟರೆ ಕಥೆ ಅರ್ಧವೇ.

ಹೆಂಡತಿಯ ಮೇಲಿನ ಪ್ರೀತಿ ಎಂದೊಡನೆ ನಾವು ತಾಜ್ ಮಹಲ್ ತೋರಿಸುತ್ತೇವೆ. ಮುಮ್ತಾಜ್ 1631ರಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ಪ್ರಾಣ ಬಿಟ್ಟರು. ಅಮೃತಶಿಲೆ ಆಮೇಲೆ ಬಂತು. ಗುಮಾಸ್ತ ಕವಿಯ ಮಲ್ಲಿಗೆ ಹೆಂಡತಿ ಬದುಕಿದ್ದಾಗಲೇ, ಅವಳ ಕಿವಿಗೆ ಬೀಳುವಂತೆ ಅರಳಿತು.

ಇನ್ನು ನನ್ನ ಮಾತು. ಈ ಭಾಷಣ ಸಿದ್ಧ ಮಾಡುತ್ತ ಒಂದು ರಾತ್ರಿ ಆ ಕವಿತೆಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಪೂರ್ತಿ ಕೇಳಿ, ದಾರ ಕಡಿಯುತ್ತ, "ಬಹಳ ಚೆನ್ನಾಗಿದೆ. ಸಭೇಲಿ ಆ ಕವಿಯ ಹೆಂಡತಿ ವಿಷಯ ಹೇಳ್ತೀರಿ. ನನ್ನ ವಿಷಯ ಯಾರಿಗಾದ್ರೂ ಹೇಳಿದ್ದೀರಾ?" ಎಂದರು. ಎರಡು ಭಾಷೆಯ ಮೇಷ್ಟ್ರಿಗೆ ಒಂದು ಭಾಷೆಯಲ್ಲೂ ಉತ್ತರ ಸಿಗಲಿಲ್ಲ.

ಆದ್ದರಿಂದ ಇಲ್ಲಿ ಹೇಳುತ್ತೇನೆ. ನನ್ನ ಬಿಎಡ್ ಶುಲ್ಕ ಕಟ್ಟಿದ್ದು ಆ ಹೊಲಿಗೆ ಯಂತ್ರ. ನಾನು ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಅವರು ಆರ್.ಟಿ. ನಗರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನಡುರಾತ್ರಿಯವರೆಗೆ ರವಿಕೆ ಹೊಲಿದರು. ಮದುವೆಗಾಗಿ ಪಿಯುಸಿ ಮೊದಲ ವರ್ಷಕ್ಕೆ ಓದು ಬಿಟ್ಟಿದ್ದರು. ನಾನು 'ಬಿಎಡ್ ಮಾಡಿದೆ' ಎಂದು ಎಲ್ಲರಿಗೂ ಹೇಳಿದೆ. 'ಅವರು ಮಾಡಿಸಿದರು' ಎಂದು ಒಬ್ಬರಿಗೂ ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಉಪ್ಪು ಕಡಿಮೆ ಎಂದು ಮಾತ್ರ ತಪ್ಪದೆ ಹೇಳಿದ್ದೇನೆ. ಈಗ ಅವರು ಪಿಯುಸಿ ಪರೀಕ್ಷೆಗೆ ಹಣ ಕಟ್ಟಿದ್ದಾರೆ. ಸಂಜೆ ಮಕ್ಕಳಿಗೆ ಊಟ ಬಡಿಸುವ ಕೆಲಸ ನನ್ನದಾಗಿದೆ. ಉಪ್ಪಿನ ದೂರು ಈಗ ಮಕ್ಕಳಿಂದ ಬರುತ್ತದೆ.

ವಿದ್ಯಾರ್ಥಿಗಳೇ, ಪ್ರೇಮಕವಿತೆ ನಮ್ಮದಲ್ಲ, ಕನ್ನಡ ನಮ್ಮದಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಲಹಂಕ ದಾಟಿದರೆ ದೇವನಹಳ್ಳಿ. 1936ರಲ್ಲಿ ಅಲ್ಲಿ ಹುಟ್ಟಿದ ನಿಸಾರ್ ಅಹಮದ್ ಕನ್ನಡಿಗರೆಲ್ಲರ 'ನಿತ್ಯೋತ್ಸವ'ದ ಕವಿಯಾದರು. ಗ್ರಂಥಾಲಯದಿಂದ 'ಮೈಸೂರು ಮಲ್ಲಿಗೆ' ತಂದು ಓದಿ. ಪರೀಕ್ಷೆಗಾಗಿ ಬೇಡ. ಹೆಂಡತಿಯ ದನಿ ಎಲ್ಲೆಲ್ಲಿ ಕೇಳುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡುತ್ತ ಓದಿ. ನಿಮ್ಮ ಸ್ವಂತ ಪ್ರತಿಯಾದರೆ ಮಾತ್ರ!

ಹಿರಿಯರಲ್ಲಿ ಒಂದು ವಿನಂತಿ. ನಾವು ಕವಿಗಳಲ್ಲ. ಕವಿತೆ ಬರೆಯಬೇಕಾಗಿಯೂ ಇಲ್ಲ. ಇವತ್ತು ಮನೆಗೆ ಹೋದಮೇಲೆ ಹೆಂಡತಿಯ ಹೆಸರು ಹಿಡಿದು ಕರೆಯಿರಿ. ಅವರು ನಿಮಗಾಗಿ ಮಾಡಿದ ಯಾವುದಾದರೂ ಒಂದು ಕೆಲಸವನ್ನು ನೆನೆದು, ಮಕ್ಕಳ ಮುಂದೆ ಹೇಳಿ. ಮಕ್ಕಳು ನಗಬಹುದು. ನಗಲಿ.

ನನ್ನವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಇಷ್ಟು ಹೊತ್ತಿಗೆ ತಲೆ ತಗ್ಗಿಸಿರುತ್ತಾರೆ, ನನಗೆ ಗೊತ್ತು. ಅವರಿಗೆ ಮೊದಲು, ತಮಗೆಲ್ಲರಿಗೆ ಆಮೇಲೆ, ನನ್ನ ಧನ್ಯವಾದಗಳು.