ಬಾವಲಿಯ ರಕ್ತ ಕಲಿಸುವ ಪಾಠ

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಕಲಿಸುವ ನಾನು ಬಾವಲಿಯ ರಕ್ತದ ಬಗ್ಗೆ ಮಾತನಾಡುತ್ತೇನೆಂದರೆ ನಿಮಗೆ ನಗು ಬರಬಹುದು. ನಿಮ್ಮಲ್ಲಿ ಹಲವರಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಸೇರುವ ಆಸೆಯಿದೆ. ಅದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಬಾವಲಿ ಹಕ್ಕಿಯಲ್ಲ, ಮರಿಗೆ ಹಾಲೂಡಿಸುವ ಸಸ್ತನಿ. ಆಸ್ಟ್ರೇಲಿಯಾದಲ್ಲಿ ಗಾಯಗೊಂಡ ಹಣ್ಣು ಬಾವಲಿಗಳನ್ನು ಆರೈಕೆ ಮಾಡಿ ಮತ್ತೆ ಹಾರಿಬಿಡುತ್ತಾರೆ. ಎಲ್ಲಿ ನೋವು ಎಂದು ಕೇಳಿದರೆ ಅದು ಹೇಳೀತೇ? ಅದರ ಯಕೃತ್ತು, ಮೂತ್ರಪಿಂಡ ಹೇಗಿವೆ ಎಂಬುದನ್ನು ರಕ್ತವೇ ಹೇಳಬೇಕು. ಆದರೆ ಸಿಗುವ ರಕ್ತ ಬಹಳ ಕಡಿಮೆ. ದೇಹತೂಕದ ಶೇ. 1ಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಸಾಮಾನ್ಯ ನಿಯಮ. 5 ಗ್ರಾಂ ತೂಗುವ ಪುಟ್ಟ ಬಾವಲಿಯಿಂದ ಒಂದು ಹನಿ ಸಿಕ್ಕೀತು, ಅಷ್ಟೇ.

ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಸುಮ್ಮನಿರುವುದಿಲ್ಲ. ನಳಿಕೆಯೊಳಗೂ ಅವು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಮನುಷ್ಯರ ರಕ್ತವನ್ನು ಬೇರ್ಪಡಿಸದೆ ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಬಾವಲಿಯ ರಕ್ತದಲ್ಲೂ ಇದೇ ಕ್ರಿಯೆ ನಡೆಯುತ್ತದೆ. ಇನ್ನೊಂದೆಡೆ, ಹಿಡಿಯುವಾಗಿನ ಭಯದಿಂದಲೇ ಗ್ಲೂಕೋಸ್ ಏರಲೂಬಹುದು.

ಸಣ್ಣ ಸೂಜಿಯಲ್ಲಿ ರಭಸದಿಂದ ಎಳೆದರೆ, ನಳಿಕೆಯನ್ನು ಜೋರಾಗಿ ಅಲುಗಾಡಿಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳೊಳಗಿನ ಎಲ್‌ಡಿಎಚ್, ಎಎಸ್‌ಟಿ ಕಿಣ್ವಗಳು ಹೊರಬಂದು, ಆರೋಗ್ಯವಂತ ಬಾವಲಿಯೂ ವರದಿಯಲ್ಲಿ ರೋಗಿಯಾಗುತ್ತದೆ. ಪೊಟ್ಯಾಸಿಯಂ ಇಡಿಟಿಎ ಇರುವ ನಳಿಕೆಯ ರಕ್ತವನ್ನು ಬಳಸಿದರಂತೂ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಯಂತ್ರ ಎಷ್ಟೇ ಬೆಲೆಬಾಳಲಿ, ಕೊಟ್ಟದ್ದನ್ನು ಮಾತ್ರ ಅದು ಅಳೆಯುತ್ತದೆ.

ಆದ್ದರಿಂದ ಸರಿಯಾದ ನಳಿಕೆಯನ್ನು ಆರಿಸಿ. ತಡಮಾಡದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸೀರಂ ಅಥವಾ ಪ್ಲಾಸ್ಮಾ ಬೇರ್ಪಡಿಸಿ ತಂಪಿನಲ್ಲಿಡಿ. ಬೇರ್ಪಡಿಸದ ರಕ್ತವನ್ನು ಫ್ರೀಜರ್‌ಗೆ ಹಾಕಬೇಡಿ, ಕಣಗಳು ಒಡೆಯುತ್ತವೆ. ರಕ್ತ ತೆಗೆದ ಸಮಯವನ್ನು ಬರೆಯಿರಿ. ತಡವಾಗಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ.

ಒಮ್ಮೆ ನನ್ನ ತಾಯಿಯವರ ವರದಿಯಲ್ಲಿ ಪೊಟ್ಯಾಸಿಯಂ ಬಹಳ ಹೆಚ್ಚು ಬಂದಿತ್ತು. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮರುದಿನ ಹೊಸದಾಗಿ ರಕ್ತ ತೆಗೆದು ನೋಡಿದರೆ ಎಲ್ಲವೂ ಸರಿಯಾಗಿತ್ತು. ಮೊದಲ ನಳಿಕೆ ಬಹಳ ಹೊತ್ತು ಮೇಜಿನ ಮೇಲೆಯೇ ಉಳಿದಿತ್ತಂತೆ. ತಾಯಿ ಎರಡನೆಯ ಸಲ ಕೈ ಚಾಚಿದರು. ಪುಟ್ಟ ಬಾವಲಿಗೆ ಆ ಅವಕಾಶವಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಾಳೆ ನಿಮ್ಮ ಕೈಗೆ ಬರುವ ರಕ್ತ ಯಾರದ್ದೇ ಇರಲಿ, ಅದು ಮತ್ತೆ ಸಿಗುವುದಿಲ್ಲವೆಂದೇ ತಿಳಿದು ಕೆಲಸ ಮಾಡಿರಿ.