ಯಾವ ಓಣಿ?
(ಕುಪ್ಪೇಲೂರಿನಲ್ಲಿ ಆಡಿದ ಮಾತು)



1901ರಲ್ಲಿ ಸಾತಾರಾ ಸೀಮೆಯ ಮಸೂರು ಸ್ಟೇಷನ್ನಿನಲ್ಲಿ ಇಳಿದ ಬಾಲಕ ಅಂಬೇಡ್ಕರರಿಗೆ, ಜಾತಿ ತಿಳಿದ ಮೇಲೆ, ಯಾರೂ ಗಾಡಿ ಕೊಡಲಿಲ್ಲ. ಕಡೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ. ಗಾಡಿ ಮಾತ್ರ ಹುಡುಗರೇ ಹೊಡೀಬೇಕು, ತಾನು ನಡೆದು ಬರ್ತಾನಂತೆ. ದುಡ್ಡಿಗೆ ಮೈಲಿಗೆ ಇಲ್ಲ ನೋಡ್ರಿ!

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕೂಲಿ ಮಾಡೋ ನನ್ನವ್ವ ಯಾರಿಗೂ ಕೈಯೊಡ್ಡದೆ ರಾಣೆಬೆನ್ನೂರಿಗೆ ಹೋಗ್ತಾಳೆ. ಇದನ್ನು ಹಂಗಿಸುವವರ ಜೊತೆ ನಾನಿಲ್ಲ. ಆದರೆ ಕಂಡಕ್ಟರ್ ಕೇಳದ ಜಾತಿಯನ್ನು ಪಕ್ಕದಾಕಿ ಕೇಳಿದಳು: “ಯಾವ ಓಣಿಯವರಬೇ?” ಅವ್ವ ಹೇಳಿದಳು. ಆಕಿ ಎದ್ದು ನಿಂತಳು. “ಜಾಗ ಆತು ಬಿಡು” ಅಂತ ಅವ್ವ ಅಗಲಾಗಿ ಕೂತಳು.

ನಾನು ಬಿ.ಎ. ಓದಿದವ. ಕಾಲೇಜಿನಲ್ಲಿ ಅದೇ ಪ್ರಶ್ನೆಗೆ ಬರೀ ಊರ ಹೆಸರು ಹೇಳಿ ಜಾರಿಕೊಂಡವ. ನೀವು ಜಾರಬೇಡ್ರಿ. ನಾಚಬೇಕಾದವರು ಕೇಳಿದವರು.

ಜೈ ಭೀಮ್!